ಬಡಪಾಯಿ ಆಯಿಲ್ ಸೀಲ್‌ನ ಪರವಾಗಿ

(ಬೆಳಗಾವಿಯ ಉದ್ಯಮಬಾಗದಲ್ಲಿ ಖಂಡೇನವಮಿಯ ಮುನ್ನಾದಿನ ಮಿಸ್ತ್ರಿಗಳು ಮತ್ತು ಡಿಪ್ಲೊಮಾ, ಐಟಿಐ ವಿದ್ಯಾರ್ಥಿಗಳ ಎದುರು ನೀಡಿದ ಉಪನ್ಯಾಸ)

ವೇದಿಕೆಯ ಮೇಲಿರುವ ಹಿರಿಯರೇ, ಅಂಗಡಿ ಮುಚ್ಚಿ ಬಂದಿರುವ ಮಿಸ್ತ್ರಿ ಬಂಧುಗಳೇ, ಅಂಗಡಿ ಮುಚ್ಚದೆ ಹುಡುಗನನ್ನು ಕೂರಿಸಿ ಬಂದು ಪದೇ ಪದೇ ಮೊಬೈಲ್ ನೋಡುತ್ತಿರುವವರೇ, ಹಿಂದಿನ ಸಾಲಿನ ವಿದ್ಯಾರ್ಥಿಗಳೇ,

ನಾಳೆ ಖಂಡೇಪೂಜೆ. ವರ್ಕ್‌ಶಾಪಿನ ನೆಲವನ್ನು ಸೋಡಾ ಹಾಕಿ ತಿಕ್ಕಿ ಬಂದಿದ್ದೀರಿ ಎಂಬುದು ನಿಮ್ಮ ಕೈ ನೋಡಿದರೆ ತಿಳಿಯುತ್ತದೆ. ಆದರೆ ಬನ್ನಿ ಕೊಟ್ಟು ‘ಬಂಗಾರದಂತೆ ಇರೋಣ’ ಎಂದ ಮರುದಿನ ಶಟರ್ ಎತ್ತಿದರೆ ಎದುರಿಗೆ ಟ್ರ್ಯಾಕ್ಟರ್‌ಗಳ ಸಾಲು ನಿಂತಿರುತ್ತದೆ. ಕಬ್ಬಿನ ಹಂಗಾಮು ಬಂತು. ಕಾರ್ಖಾನೆಗಳಲ್ಲಿ ಬಾಯ್ಲರ್ ಪ್ರದೀಪನ ಆಗುವುದರೊಳಗೆ ಎಲ್ಲರ ಎಂಜಿನ್ ಸರಿಯಾಗಬೇಕು. ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ರೋಗವನ್ನೂ ಹೇಳುತ್ತಾರೆ, ಔಷಧವನ್ನೂ ಹೇಳುತ್ತಾರೆ: “ಅಣ್ಣಾ, ಹಿಂದಿನ ಸೀಲ್ ಹೋಗಿದೆ. ಹೊಸದು ಹಾಕಿಕೊಡು.”

ಹಿಂದಿನ ಸೀಲ್ ಎಂದರೆ ಎಂಜಿನ್ನಿನ ಹಿಂಬದಿಯಲ್ಲಿ ಕ್ರ್ಯಾಂಕ್ ಶಾಫ್ಟಿನ ಸುತ್ತ ಕೂತು ಎಣ್ಣೆ ಹೊರಬರದಂತೆ ತಡೆಯುವ ಉಂಗುರ. ಈ ಮಾತಿನ ಬಗ್ಗೆ ನನಗೆ ಬಹಳ ದಿನದ ತಕರಾರಿದೆ. ಇಂದು ಮೈಕು ಸಿಕ್ಕಿದೆ, ಹೇಳಿಬಿಡುತ್ತೇನೆ. ಮಾರ್ಪಾಡು ಮಾಡಿದ ಎಂಜಿನ್‌ನಲ್ಲಿ ಎಣ್ಣೆ ಸೋರಿದಾಗ ನಾವು ಮೊದಲು ಹಿಡಿದು ಬೈಯುವುದು ಸೀಲನ್ನು. ನನ್ನ ಅನುಭವದಲ್ಲಿ ಬಹುತೇಕ ಸಲ ಸೀಲ್ ನಿರಪರಾಧಿ. ಒಳಗೆ ಒತ್ತಡ ಹೆಚ್ಚಾಗಿರುತ್ತದೆ, ಅಥವಾ ಸೀಲ್ ಕೂರುವ ಮೇಲ್ಮೈಯನ್ನು ನಾವೇ ಕೆಡಿಸಿರುತ್ತೇವೆ. ಆದ್ದರಿಂದ ಸೀಲ್‌ಗೆ ಕೈ ಹಾಕುವ ಮೊದಲು ಒತ್ತಡ ಅಳೆಯಿರಿ. ಇದನ್ನು ಇಂದು ಇನ್ನೂ ಕೆಲವು ಸಲ ಹೇಳಲಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಮಾರ್ಪಾಡು ಎಂದರೆ ನಮ್ಮ ಕಡೆ ಏನು ಎಂಬುದು ನಿಮಗೆ ಗೊತ್ತೇ ಇದೆ. ಎರಡು ಟ್ರೇಲರ್ ಕಬ್ಬು ಎಳೆಯಲು, ಜಾತ್ರೆಯಲ್ಲಿ ಟ್ರ್ಯಾಕ್ಟರ್ ಜಗ್ಗಾಟ ಗೆಲ್ಲಲು ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಕೂರಿಸಿ ಡೀಸೆಲ್ ಪಂಪ್ ಏರಿಸುವುದು. ಚೋರ್ಲಾ ಘಾಟ್ ಹತ್ತಲು ಹಳೆಯ ಬುಲೆಟ್‌ಗೆ ಬೋರ್ ಹೊಡೆಸಿ ಸಿಲಿಂಡರ್ ಅಗಲ ಮಾಡಿಸುವುದು. ಖಾನಾಪುರದ ಕೆಸರಿನಲ್ಲಿ ಓಡಿಸಲು ಜೀಪಿಗೆ ಬೇರೆ ಎಂಜಿನ್ ಇಳಿಸುವುದು. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಸಭೆಯಲ್ಲಿ ಸಾರಿಗೆ ಇಲಾಖೆಯವರೂ ಇದ್ದಂತೆ ಕಾಣುತ್ತದೆ. ಕಂಪನಿ ಕೊಟ್ಟ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸಬಾರದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ನಾನು ಮಾತನಾಡುತ್ತಿರುವುದು ಹೊಲ, ಮೈದಾನ ಮತ್ತು ಸ್ಪರ್ಧೆಯ ಎಂಜಿನ್‌ಗಳ ಬಗ್ಗೆ. ನಗುವವರು ನಗಬಹುದು.

ಕಂಪನಿಯವನು ಎಂಜಿನ್ ಕಟ್ಟುವಾಗ ಒಂದು ಲೆಕ್ಕ ಹಾಕಿರುತ್ತಾನೆ. ಪಿಸ್ಟನ್ ರಿಂಗ್ ಎಷ್ಟೇ ಒಳ್ಳೆಯದಿದ್ದರೂ ಉರಿದ ಅನಿಲದ ಸ್ವಲ್ಪ ಪಾಲು ಅದರ ಪಕ್ಕದಿಂದ ನುಸುಳಿ ಎಣ್ಣೆ ನಿಂತಿರುವ ಕೆಳಗಿನ ಚೇಂಬರಿಗೆ ಇಳಿಯುತ್ತದೆ. ಬ್ಲೋ-ಬೈ ಎನ್ನುವುದು ಇದನ್ನೇ. ಆ ಅನಿಲ ಹೊರಗೆ ಹೋಗಲೆಂದು ಇಷ್ಟೇ ಅಗಲದ ಬ್ರೀದರ್ ಪೈಪ್ ಕೊಟ್ಟಿರುತ್ತಾನೆ. ನೀವು ಟರ್ಬೊ ಹಾಕಿ ಸಿಲಿಂಡರಿನ ಒತ್ತಡ ಏರಿಸಿದಿರಿ, ನುಸುಳುವ ಅನಿಲ ಹೆಚ್ಚಾಯಿತು. ಟರ್ಬೊ ಶಾಫ್ಟಿನ ಪಕ್ಕದಿಂದ ಸೋರುವ ಗಾಳಿ ಅದರ ಎಣ್ಣೆ ವಾಪಸು ಇಳಿಯುವ ಡ್ರೈನ್ ಪೈಪಿನ ಮೂಲಕ ಅದೇ ಚೇಂಬರಿಗೆ ಬಂದು ಸೇರಿತು. ರೇಸಿಂಗ್ ಎಂದು ಫೋರ್ಜ್ಡ್ ಪಿಸ್ಟನ್ ಹಾಕಿದರೆ ಅದರ ಸುತ್ತ ಕ್ಲಿಯರೆನ್ಸ್, ಅಂದರೆ ಸಂದಿ, ಹೆಚ್ಚು ಬಿಡಬೇಕು, ಎಂಜಿನ್ ತಣ್ಣಗಿರುವಾಗ ಇನ್ನಷ್ಟು ನುಸುಳುತ್ತದೆ. ಬ್ರೀದರ್ ಪೈಪ್ ಮಾತ್ರ ಹಳೆಯದೇ, ಅಷ್ಟೇ ಅಗಲದ್ದೇ. ಅನಿಲ ಎಲ್ಲಿ ಹೋಗಬೇಕು? ಎಲ್ಲಿ ಸಡಿಲ ಸಿಗುತ್ತದೆಯೋ ಅಲ್ಲಿ ಎಣ್ಣೆಯನ್ನು ತಳ್ಳಿಕೊಂಡು ಹೊರಡುತ್ತದೆ.

“ಒಳಗಿನ ಒತ್ತಡ ಎಂದರೆ ಎಷ್ಟು ಮಹಾ ಇರುತ್ತದೆ?” ಎಂದು ಕೇಳುವವರಿಗೆ ಒಂದು ಲೆಕ್ಕ. ನಿಮ್ಮ ಆಯಿಲ್ ಚೇಂಬರಿನ ತಳ 40 ಸೆಂಟಿಮೀಟರ್ ಉದ್ದ, 25 ಸೆಂಟಿಮೀಟರ್ ಅಗಲ ಇದೆ ಎಂದುಕೊಳ್ಳಿ. ಸಾವಿರ ಚದರ ಸೆಂಟಿಮೀಟರ್ ಆಯಿತು. ಒಳಗಿನ ಒತ್ತಡ ಬರೀ 0.1 ಬಾರ್ ಇದ್ದರೆ, ಚೇಂಬರನ್ನು ಕೆಳಕ್ಕೆ ತಳ್ಳುವ ಭಾರ ಸುಮಾರು ನೂರು ಕಿಲೋ. ಒಂದು ಕ್ವಿಂಟಲ್! ತೆಳ್ಳನೆಯ ತಗಡು, ಅದರ ಅಂಚಿಗೆ ಕಾರ್ಕಿನ ಪ್ಯಾಕಿಂಗ್, ಅದರ ಮೇಲೆ ದಿನವಿಡೀ ಒಂದು ಕ್ವಿಂಟಲ್. ಸೋರದೆ ಇನ್ನೇನು ಮಾಡೀತು? ತುಟಿಯಂಥ ಅಂಚಿನಿಂದ ಶಾಫ್ಟನ್ನು ಹಿಡಿಯುವ ಸಾಮಾನ್ಯ ಲಿಪ್ ಸೀಲ್ ತಡೆಯುವುದು ಹೆಚ್ಚೆಂದರೆ ಅರ್ಧ ಬಾರ್, ಅದೂ ಶಾಫ್ಟ್ ನಿಧಾನ ತಿರುಗುತ್ತಿದ್ದರೆ. ವೇಗ ಏರಿದಂತೆ ಆ ಮಿತಿ ಇಳಿಯುತ್ತದೆ. ಒತ್ತಡ ಬಿದ್ದಾಗ ಸೀಲಿನ ತುಟಿ ಶಾಫ್ಟನ್ನು ಇನ್ನಷ್ಟು ಬಿಗಿಯಾಗಿ ಒತ್ತುತ್ತದೆ, ಬಿಸಿಯಾಗುತ್ತದೆ, ಸೆಟೆದುಕೊಳ್ಳುತ್ತದೆ, ಶಾಫ್ಟಿನ ಮೇಲೆ ಗೀರು ಕೊರೆಯುತ್ತದೆ. ಕೊನೆಗೆ ಬಿಚ್ಚಿ ನೋಡಿದವನು “ನೋಡಿ, ಸೀಲ್ ಕೆಟ್ಟಿದೆ” ಎನ್ನುತ್ತಾನೆ. ಕೆಟ್ಟಿದ್ದು ನಿಜ. ಅದನ್ನು ಕೆಡಿಸಿದವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಈ ವಿಷಯಕ್ಕೆ ರಾಯಬಾಗ ಕಡೆಯ ಗೌಡರೊಬ್ಬರ ಕಥೆ ಹೇಳಲೇಬೇಕು. ನನ್ನ ಬಾಯಿಂದ ಇದನ್ನು ಮೊದಲೇ ಕೇಳಿದವರು ಚಹಾ ಕುಡಿದು ಬರಬಹುದು.

ಗೌಡರಿಗೆ ಟ್ರ್ಯಾಕ್ಟರ್ ಜಗ್ಗಾಟದ ಹುಚ್ಚು. ಮೂರು ಸಿಲಿಂಡರಿನ ಎಂಜಿನ್, ಅದಕ್ಕೆ ಯಾರೋ ಕೂರಿಸಿಕೊಟ್ಟ ಟರ್ಬೊ. ಮೈದಾನದಲ್ಲಿ ಎದುರಾಳಿಯ ಟ್ರ್ಯಾಕ್ಟರಿಗೆ ಬೆನ್ನು ಹಾಕಿ ನಿಂತು ಸರಪಳಿ ಬಿಗಿಸಿ ಎಕ್ಸಲರೇಟರ್ ಕೊಟ್ಟರೆ ಹೊಗೆ ಆಕಾಶಕ್ಕೆ ಹೋಗುತ್ತಿತ್ತಂತೆ, ಟ್ರ್ಯಾಕ್ಟರ್ ಮಾತ್ರ ಹಿಂದಕ್ಕೆ ಹೋಗುತ್ತಿತ್ತಂತೆ. ಕಾರಣ ಸರಳ. ಕ್ರ್ಯಾಂಕಿನ ಹಿಂದಿನ ಸೀಲ್ ಸೋರಿ ಎಣ್ಣೆ ಕ್ಲಚ್ ಪ್ಲೇಟಿಗೆ ತಾಗಿತ್ತು. ಎಣ್ಣೆ ಕುಡಿದ ಪ್ಲೇಟು ಹಿಡಿಯುವುದಿಲ್ಲ. ಸೀಲ್ ಬದಲಿಸಿದರು. ಟ್ರ್ಯಾಕ್ಟರಿನ ಹಿಂದಿನ ಸೀಲ್ ಬದಲಿಸುವುದೆಂದರೆ ಏನೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ: ಇಡೀ ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ತುಂಡು ಮಾಡಿ, ಕ್ಲಚ್ಚು ಇಳಿಸಿ, ಫ್ಲೈವೀಲ್ ಇಳಿಸಿದ ಮೇಲೆ ಆ ಕಡಗದಷ್ಟು ವಸ್ತು ಕಣ್ಣಿಗೆ ಬೀಳುತ್ತದೆ. ಮುಂದಿನ ಜಾತ್ರೆಗೆ ಮತ್ತೆ ಸೋರಿತು. ಇನ್ನೊಬ್ಬ ಮಿಸ್ತ್ರಿ ಮತ್ತೆ ಎರಡು ತುಂಡು ಮಾಡಿ ಬೇರೆ ಕಂಪನಿಯ ಸೀಲ್ ಹಾಕಿದ. ಮತ್ತೆ ಸೋರಿತು. ಮತ್ತೊಬ್ಬ ಸೀಲಿನ ಸುತ್ತ ಪೇಸ್ಟ್ ಮೆತ್ತಿದ. ಆಮೇಲಾಮೇಲೆ ಗೌಡರು ಬಂದರೆ ಸೀಲ್ ಅಂಗಡಿಯವರು ಎದ್ದು ನಿಂತು ಚಹಾ ತರಿಸುತ್ತಿದ್ದರು.

ನನ್ನಲ್ಲಿಗೆ ಬಂದಾಗ ಗೌಡರ ಕೈಯಲ್ಲಿ ಒಂದು ಚೀಲ. ಅದರ ತುಂಬ ಹಳೆಯ ಸೀಲ್‌ಗಳು. ಮೇಜಿನ ಮೇಲೆ ಸುರಿದು, “ಇದರಲ್ಲಿ ಯಾವುದು ಒರಿಜಿನಲ್, ಯಾವುದು ಡೂಪ್ಲಿಕೇಟ್ ಹೇಳು” ಎಂದರು. ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ಎಲ್ಲದರ ತುಟಿಯೂ ಸುಟ್ಟು ಹೊಳೆಯುತ್ತಿತ್ತು, ಉಗುರಿನಿಂದ ಒತ್ತಿದರೆ ಬಗ್ಗುತ್ತಿರಲಿಲ್ಲ. ಬೇರೆ ಬೇರೆ ಕಂಪನಿಯ ಮಾಲು, ಸಾವು ಮಾತ್ರ ಒಂದೇ ತರಹದ್ದು. “ಗೌಡರೇ, ಟ್ರ್ಯಾಕ್ಟರ್ ಬಿಚ್ಚುವುದು ಬೇಡ. ಮೊದಲು ಚಾಲೂ ಮಾಡಿ” ಎಂದೆ. ಲೋಡ್ ಕೊಡುತ್ತಿದ್ದಂತೆ ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ ತಾನಾಗಿಯೇ ಎರಡು ಬೆರಳು ಮೇಲಕ್ಕೆದ್ದಿತು. ಒಳಗಿನಿಂದ ಯಾರೋ ತಳ್ಳಿದ ಹಾಗೆ.

ಗೌಂಡಿಗಳು ಮಟ್ಟ ನೋಡುವ ಲೆವಲ್ ಪೈಪ್ ಇರುತ್ತದಲ್ಲ, ಪಾರದರ್ಶಕ ನಳಿಗೆ, ಅದನ್ನು ತರಿಸಿದೆ. ಇಂಗ್ಲಿಷಿನ ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧಕ್ಕೆ ನೀರು ತುಂಬಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ತೂತಿಗೆ ಬಿಗಿಯಾಗಿ ಜೋಡಿಸಿದೆ. ಇನ್ನೊಂದು ತುದಿ ಗಾಳಿಗೆ. ಗೌಡರಿಗೆ ಕುತೂಹಲ, ಧೋತರ ಎತ್ತಿಕೊಂಡು ಬಂದು ನಳಿಗೆಯ ಪಕ್ಕದಲ್ಲೇ ಬಗ್ಗಿ ನಿಂತರು. “ಸ್ವಲ್ಪ ದೂರ ನಿಲ್ಲಿ” ಎನ್ನುವುದರೊಳಗೆ ಹುಡುಗ ಲೋಡ್ ಕೊಟ್ಟ. ನಳಿಗೆಯ ನೀರೆಲ್ಲ ಒಂದೇ ಏಟಿಗೆ ಮೇಲಕ್ಕೆ ಹಾರಿ ಗೌಡರ ಟೊಪ್ಪಿಗೆಯ ಮೇಲೆ ಬಿತ್ತು. ಹಿಂದೆಯೇ ಎಣ್ಣೆಯ ಹೊಗೆ. ಗೌಡರು ಕಣ್ಣು ಒರೆಸಿಕೊಂಡು ಕೇಳಿದ ಮೊದಲ ಮಾತು: “ಇದು ಒಳ್ಳೆಯದೋ, ಕೆಟ್ಟದ್ದೋ?”

ಬ್ರೀದರ್ ಪೈಪ್ ಹುಡುಕುತ್ತ ಹೋದೆವು. ಟರ್ಬೊ ಕೂರಿಸಿದವನಿಗೆ ಹೋಸ್ ಪೈಪಿಗೆ ಜಾಗ ಸಾಲದೆ ಬಂದಿದೆ. ಅಡ್ಡ ಬಂದ ಬ್ರೀದರ್ ಪೈಪನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದ್ದಾನೆ. ಉಳಿದಿದ್ದ ಸಂದಿಯಲ್ಲಿ ಮಸಿ ಮತ್ತು ಎಣ್ಣೆ ಸೇರಿ ಡಾಂಬರಿನಂತೆ ಗಟ್ಟಿಯಾಗಿದೆ. ಅದನ್ನು ಕಿತ್ತು, ಅದಕ್ಕಿಂತ ಅಗಲವಾದ ಪೈಪನ್ನು ಎಲ್ಲೂ ಮಡಿಕೆ ಬೀಳದಂತೆ ಎಳೆದೆವು. ಮತ್ತೆ ನಳಿಗೆ ಕಟ್ಟಿ ಲೋಡ್ ಕೊಟ್ಟರೆ ನೀರು ಕೆಲವೇ ಬೆರಳಿನಷ್ಟು ಏರಿ ನಿಂತಿತು. ಕ್ಲಚ್ ಪ್ಲೇಟ್ ಬದಲಿಸಲು ಟ್ರ್ಯಾಕ್ಟರ್ ಬಿಚ್ಚಬೇಕಾಯಿತು, ಬಿಚ್ಚಿದ್ದರಿಂದ ಒಂದು ಹೊಸ ಸೀಲೂ ಹಾಕಿದೆವು, ಅದು ಬೇರೆ ಮಾತು. ಆ ಸೀಲ್ ಆಮೇಲೆ ಸೋರಲಿಲ್ಲ.

ಗೌಡರು ಚೀಲವನ್ನು ತೋರಿಸಿ, “ಹಾಗಾದರೆ ಇವುಗಳದ್ದು ಏನೂ ತಪ್ಪಿರಲಿಲ್ಲವೇ?” ಎಂದರು. “ಇರಲಿಲ್ಲ ಗೌಡರೇ.” “ನಾನು ಬೈದದ್ದೆಲ್ಲ ದಂಡವೇ?” “ದಂಡವೇ.” ಸ್ವಲ್ಪ ಹೊತ್ತು ಸುಮ್ಮನಿದ್ದು, ಪೈಪ್ ಬಡಿದವನ ಊರು ಯಾವುದು, ಮನೆ ಎಲ್ಲಿ ಎಂದು ವಿಚಾರಿಸಿದರು. ನಾನು ಹೇಳಲಿಲ್ಲ.

ಈ ನಳಿಗೆಯ ಪರೀಕ್ಷೆಗೆ ದುಡ್ಡು ಬೇಕಿಲ್ಲ, ಅದಕ್ಕೇ ಇದನ್ನು ಯಾರೂ ಮಾಡುವುದಿಲ್ಲವೋ ಏನೋ. ನೀರಿನ ಎರಡು ಮಟ್ಟಗಳ ನಡುವಿನ ಅಂತರವೇ ನಿಮ್ಮ ಒತ್ತಡ. ಒಂದು ಮೀಟರ್ ಅಂತರವಾದರೆ ಸುಮಾರು 0.1 ಬಾರ್, ಆಗ ಹೇಳಿದ ಆ ಕ್ವಿಂಟಲ್. ಎಷ್ಟರವರೆಗೆ ಸರಿ ಎಂಬುದನ್ನು ಆಯಾ ಎಂಜಿನ್ನಿನ ಮ್ಯಾನ್ಯುವಲ್‌ನಲ್ಲಿ ನೋಡಿ. ಅಳೆಯುವುದು ಮಾತ್ರ ಲೋಡ್‌ನಲ್ಲೇ ಆಗಬೇಕು. ಐಡಲಿಂಗ್‌ನಲ್ಲಿ ಟರ್ಬೊ ಇನ್ನೂ ನಿದ್ದೆಯಲ್ಲಿರುತ್ತದೆ, ಆಗ ಎಲ್ಲ ಎಂಜಿನ್ನೂ ಸಾಧುವೇ. ಬ್ರೀದರ್ ಪೂರ್ತಿ ಬಿಚ್ಚಿಟ್ಟಾಗ ಒತ್ತಡ ಇಳಿದರೆ ಪೈಪಿನ ದೋಷ. ಬಿಚ್ಚಿಟ್ಟರೂ ತೂತಿನಿಂದ ಗಾಳಿ ಭರ್ರೆಂದು ಬರುತ್ತಿದ್ದರೆ ರಿಂಗ್, ಬೋರ್ ನೋಡಿ. ಪಿಸ್ಟನ್ನನ್ನು ಮೇಲೆ ನಿಲ್ಲಿಸಿ ಸಿಲಿಂಡರಿಗೆ ಕಂಪ್ರೆಸರಿನ ಗಾಳಿ ಬಿಟ್ಟು ಎಣ್ಣೆ ಹಾಕುವ ಮುಚ್ಚಳದ ಬಳಿ ಕಿವಿ ಕೊಟ್ಟರೆ ತಿಳಿದುಹೋಗುತ್ತದೆ. ಪೆಟ್ರೋಲ್ ಟರ್ಬೊ ಕಾರುಗಳವರು ಇನ್ನೊಂದನ್ನು ನೋಡಬೇಕು. ಬ್ರೀದರಿನ ಪಿಸಿವಿ ವಾಲ್ವ್ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡಬೇಕು. ಅದು ಕೆಟ್ಟರೆ ಟರ್ಬೊ ತುಂಬುವ ಗಾಳಿ ಅದನ್ನು ಸಿಲಿಂಡರಿಗೆ ಒಯ್ಯುವ ಮ್ಯಾನಿಫೋಲ್ಡಿನಿಂದ ನೇರವಾಗಿ ಚೇಂಬರಿಗೇ ನುಗ್ಗುತ್ತದೆ. ಆಗ ಸೋರದ ಜಾಗವೇ ಇರುವುದಿಲ್ಲ.

ಅಲ್ಲಿ ಬುಲೆಟ್ ಹುಡುಗರು ಕೈ ಎತ್ತುತ್ತಿದ್ದಾರೆ. ಬಂದೆ.

ಹಳೆಯ ಎರಕದ ಕಬ್ಬಿಣದ ಬುಲೆಟ್ 350ಯ ಸಿಲಿಂಡರ್ 346 ಸಿಸಿ, ಬೋರ್ 70 ಮಿಲಿಮೀಟರ್, ಸ್ಟ್ರೋಕ್ 90. ಒಂದೇ ಪಿಸ್ಟನ್. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಎರಡು ಪಿಸ್ಟನ್ ಇಳಿದಾಗ ಎರಡು ಏರುತ್ತವೆ, ಕೆಳಗಿನ ಗಾಳಿ ಅಲ್ಲಿಂದಲ್ಲಿಗೆ ಓಡಾಡಿಕೊಂಡಿರುತ್ತದೆ. ಬುಲೆಟ್‌ನಲ್ಲಿ ಆ ಸೌಕರ್ಯವಿಲ್ಲ. ಪಿಸ್ಟನ್ ಇಳಿದಾಗಲೆಲ್ಲ 346 ಸಿಸಿ ಗಾಳಿ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಲ್ಪಡುತ್ತದೆ, ಏರಿದಾಗ ಮತ್ತೆ ಎಳೆಯಲ್ಪಡುತ್ತದೆ. ಅದಕ್ಕೇ ಬ್ರೀದರಿಗೆ ಬಾತುಕೋಳಿಯ ಕೊಕ್ಕಿನಾಕಾರದ ರಬ್ಬರ್ ವಾಲ್ವ್ ಕೊಟ್ಟಿದ್ದರು. ಗಾಳಿಯನ್ನು ಹೊರಗೆ ಬಿಡುತ್ತದೆ, ಒಳಗೆ ಬಿಡುವುದಿಲ್ಲ. ನಿಮ್ಮಲ್ಲಿ ಕೆಲವರು ಅದನ್ನು ಕಿತ್ತೆಸೆದು ಹೊಳೆಯುವ ಕೋನ್ ಫಿಲ್ಟರ್ ಹಾಕುತ್ತೀರಿ. ಚಂದ ಕಾಣುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಈಗ ಎಂಜಿನ್ ಹೊರಗೂ ಉಸಿರು ಬಿಡುತ್ತದೆ, ಒಳಗೂ ಎಳೆದುಕೊಳ್ಳುತ್ತದೆ. ಒಳಗಿನ ಒತ್ತಡ ಸರಾಸರಿಯಲ್ಲಿ ತಗ್ಗಿರುವುದೇ ಇಲ್ಲ. ಟ್ರ್ಯಾಕ್ಟರಿಗೆ ಅಗಲ ಪೈಪ್ ಹಾಕಿ ಎಂದ ನಾನೇ ಬುಲೆಟ್ಟಿಗೆ ಬರೀ ಅಗಲ ಪೈಪ್ ಸಾಲದು, ಒಂದೇ ದಿಕ್ಕಿನ ವಾಲ್ವ್ ಬೇಕು, ಅದು ಕೇಸಿನ ಹತ್ತಿರವೇ ಇರಬೇಕು ಎನ್ನುತ್ತಿದ್ದೇನೆ. ಗೊಂದಲ ಬೇಡ, ಎರಡೂ ಒಂದೇ ಮಾತು: ಮೊದಲು ಒಳಗಿನ ಒತ್ತಡದ ವಿಚಾರ, ಆಮೇಲೆ ಸೀಲಿನ ವಿಚಾರ.

ಇನ್ನೊಂದು. ಆ ಹಳೆಯ ಬುಲೆಟ್‌ಗಳನ್ನು ಬಹಳ ದಿನ ನಿಲ್ಲಿಸಿದರೆ ಟ್ಯಾಂಕಿನ ಎಣ್ಣೆ ಪಂಪಿನ ಸಂದಿಯಿಂದ ನಿಧಾನವಾಗಿ ಕ್ರ್ಯಾಂಕ್‌ಕೇಸಿಗೆ ಇಳಿದುಬಿಡುತ್ತದೆ. ಕಿಕ್ ಹೊಡೆದಾಗ ಬ್ರೀದರಿನಿಂದ ಎಣ್ಣೆ ಕಾರುತ್ತದೆ. ಅದು ಸೋರಿಕೆ ಅಲ್ಲ, ಗಾಡಿ ಓಡಿಸದೆ ಇಟ್ಟ ನಿಮ್ಮ ಸೋಮಾರಿತನ.

ಈಗ ಎರಡು ಭಾಗಗಳ ನಡುವಿನ ಸಂದಿ ಮುಚ್ಚಲು ಹಚ್ಚುವ ಪೇಸ್ಟಿನ ವಿಷಯಕ್ಕೆ ಬರುತ್ತೇನೆ. ಬಂದರೆ ಬೇಗ ಹೊರಡುವವನಲ್ಲ ನಾನು. ಕೆಂಪು ಪೇಸ್ಟ್, ಕಪ್ಪು ಪೇಸ್ಟ್, ಬೂದು ಪೇಸ್ಟ್. ಸಿಲಿಕೋನ್ ಪೇಸ್ಟ್ ಕೆಟ್ಟದ್ದೇನೂ ಅಲ್ಲ. ಎರಕದ ಕಬ್ಬಿಣದ ಬ್ಲಾಕಿಗೆ ಅಲ್ಯುಮಿನಿಯಂ ಕವರ್ ಕೂರುವ ಕಡೆ ಅದರಂಥ ಮೆತುವಾದ ವಸ್ತುವೇ ಬೇಕು. ಅಲ್ಯುಮಿನಿಯಂ ಬಿಸಿಗೆ ಹಿಗ್ಗುವುದು ಕಬ್ಬಿಣದ ಎರಡರಷ್ಟು. ಅರ್ಧ ಮೀಟರ್ ಉದ್ದದ ಜೋಡಣೆ 80 ಡಿಗ್ರಿ ಬಿಸಿಯಾದರೆ ಎರಡರ ನಡುವೆ ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಬೆಳಗ್ಗೆ ಚಾಲೂ ಮಾಡಿ ರಾತ್ರಿ ನಿಲ್ಲಿಸಿದರೆ ಅಷ್ಟು ಜರುಗಿ ಅಷ್ಟೇ ಹಿಂದೆ ಬಂತು. ನಮ್ಮ ಹಿರಿಯರು ಹಚ್ಚುತ್ತಿದ್ದ ಶೆಲ್ಲಾಕ್, ಅಂದರೆ ಅರಗಿನ ಅಂಟು, ಅಲ್ಲಿ ಒಣಗಿ ಬಿರುಕು ಬಿಡುತ್ತದೆ, ಸಿಲಿಕೋನ್ ಜೊತೆಗೇ ಜರುಗುತ್ತದೆ.

ನನ್ನ ಜಗಳ ಅದನ್ನು ಬಳಿಯುವ ರೀತಿಯ ಬಗ್ಗೆ. ಎರಡು-ಮೂರು ಮಿಲಿಮೀಟರ್ ದಪ್ಪದ ಒಂದು ಗೆರೆ, ಬೋಲ್ಟ್ ತೂತಿನ ಒಳಬದಿಯಿಂದ ಸುತ್ತಿ ಬಂದರೆ ಸಾಕು. ನಾವು ಕೇಕಿಗೆ ಕ್ರೀಮ್ ಹಚ್ಚುವವರ ಧಾರಾಳದಿಂದ ಹಚ್ಚುತ್ತೇವೆ. ಬಿಗಿದಾಗ ಹೊರಗೆ ಎಷ್ಟು ಉಬ್ಬಿ ಬಂತೋ ಒಳಗೂ ಅಷ್ಟೇ ಉಬ್ಬಿರುತ್ತದೆ. ಹೊರಗಿನದನ್ನು ಬೆರಳಿನಿಂದ ಒರೆಸಿ ಸಮಾಧಾನಪಡುತ್ತೇವೆ. ಒಳಗಿನದು ಕಿತ್ತು ಎಣ್ಣೆಯಲ್ಲಿ ತೇಲುತ್ತ ಹೋಗಿ ಪಂಪಿನ ಜಾಳಿಗೆಯಲ್ಲಿ ಕೂರುತ್ತದೆ. ಹೀಗೆ ಎಣ್ಣೆ ಸಿಗದೆ ಬಿಗಿದು ಸೀಜ್ ಆದ ಎಂಜಿನ್ನಿನ ಜಾಳಿಗೆ ಬಿಚ್ಚಿದರೆ ಕೆಂಪು ಎಳೆಗಳು ಮುದ್ದೆಯಾಗಿ ಕೂತಿರುತ್ತವೆ. ಹನಿ ಎಣ್ಣೆ ಉಳಿಸಲು ಹೋಗಿ ಕ್ರ್ಯಾಂಕನ್ನೇ ಕಳೆದುಕೊಂಡದ್ದಾಯಿತು. ಹಚ್ಚಿದ ಮೇಲೆ ಪೂರ್ತಿ ಬಲಿಯಲು ಒಂದು ದಿನ ಬಿಡಬೇಕು ಎಂದು ಟ್ಯೂಬಿನ ಮೇಲೆ ಬರೆದಿರುತ್ತದೆ. ಗಿರಾಕಿ ಒಂದು ಗಂಟೆ ಬಿಡುವುದಿಲ್ಲ, ನಿಜ. ಸಂಜೆ ಕೊನೆಗೆ ಹಚ್ಚಿ ಬಾಗಿಲು ಹಾಕಿ ಮನೆಗೆ ಹೋಗಿ. ಗಿರಾಕಿಯನ್ನೂ ಕಳಿಸಿ.

ಸಪಾಟಾಗಿ ಮಶಿನಿಂಗ್ ಮಾಡಿದ, ಗಟ್ಟಿಯಾದ ಲೋಹದ ಮುಖಗಳು ಎರಡು ಸೇರುವಲ್ಲಿ ಗಾಳಿ ತಾಗದಿದ್ದಾಗ ಗಟ್ಟಿಯಾಗುವ ಅನೆರೋಬಿಕ್ ಪೇಸ್ಟ್ ಒಳ್ಳೆಯದು. ಒಳಗೆ ಉಬ್ಬಿ ಬಂದದ್ದು ದ್ರವವಾಗಿಯೇ ಉಳಿದು ಎಣ್ಣೆಯಲ್ಲಿ ಕರಗಿ ಹೋಗುತ್ತದೆ. ತಗಡಿನ ಕವರಿಗೆ ಅದು ನಡೆಯುವುದಿಲ್ಲ. ತಗಡಿನ ಕವರಿಗೆ ಬೇಕಾಗಿರುವುದು ಸಣ್ಣ ಸುತ್ತಿಗೆ ಮತ್ತು ತಾಳ್ಮೆ. ಎಂಜಿನ್ನಿನ ತಲೆಯ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರನ್ನು ಬೆಳಕಿಗೆ ಅಡ್ಡಲಾಗಿ ಹಿಡಿದು ಅಂಚನ್ನು ನೋಡಿ. ಪ್ರತಿ ಬೋಲ್ಟ್ ತೂತಿನ ಸುತ್ತ ತಗಡು ಗುಳಿ ಬಿದ್ದು ಪ್ಯಾಕಿಂಗಿನ ಕಡೆಗೆ ಉಬ್ಬಿರುತ್ತದೆ. ಬಿಗಿದಾಗ ಆ ಉಬ್ಬು ಮಾತ್ರ ಕೂರುತ್ತದೆ, ಎರಡು ಬೋಲ್ಟ್‌ಗಳ ನಡುವೆ ಸಂದಿ. ಸೋರಿತೆಂದು ಇನ್ನಷ್ಟು ಬಿಗಿಯುತ್ತೀರಿ, ಇನ್ನಷ್ಟು ಉಬ್ಬುತ್ತದೆ, ಇನ್ನಷ್ಟು ಸೋರುತ್ತದೆ. ಕವರನ್ನು ಸಪಾಟಾದ ಕಬ್ಬಿಣದ ಮೇಲಿಟ್ಟು ಉಬ್ಬನ್ನು ಹಿಂದಕ್ಕೆ ಬಡಿಯಿರಿ. ಆರು ಎಂಎಂ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು, ಅಂದರೆ ಹತ್ತು ಸೆಂಟಿಮೀಟರ್ ಸ್ಪ್ಯಾನರಿನ ತುದಿಯಲ್ಲಿ ಹತ್ತು ಕಿಲೋ ಭಾರ. ನಮ್ಮ ಹುಡುಗರು ಅದಕ್ಕೆ ಅರ್ಧ ಗಜದ ಹ್ಯಾಂಡಲ್ ಹಾಕಿ ಕಾಲು ಕೊಟ್ಟು ಜಗ್ಗುತ್ತಾರೆ. ಜಗ್ಗಾಟ ಜಾತ್ರೆಯಲ್ಲಿರಲಿ.

ಅಧ್ಯಕ್ಷರು ಗಡಿಯಾರ ನೋಡಿದರು. ಲೇತ್‌ನವರಿಗೆ ಹೇಳದೆ ಇಳಿಯುವುದಿಲ್ಲ, ಯಾಕೆಂದರೆ ಒತ್ತಡ ಸರಿಯಿದ್ದೂ ಸೋರುವ ಎಂಜಿನ್‌ಗಳ ಹಿಂದೆ ನೀವಿದ್ದೀರಿ.

ಸೀಲ್ ಕೂರುವ ಶಾಫ್ಟಿನ ಜಾಗ ಕನ್ನಡಿಯಂತೆ ಹೊಳೆಯಬೇಕೆಂದು ನೀವು ತಿಳಿದಿದ್ದೀರಿ. ಹಾಗಲ್ಲ. ಮೇಲ್ಮೈಯ ಒರಟುತನ ಆರ್‌ಎ ಎಂಬ ಸರಾಸರಿ ಲೆಕ್ಕದಲ್ಲಿ 0.2ರಿಂದ 0.8 ಮೈಕ್ರಾನ್ ಇರಬೇಕು. ಅದಕ್ಕಿಂತ ನುಣುಪಾದರೆ ತುಟಿಯ ಕೆಳಗೆ ಎಣ್ಣೆಯ ಪೊರೆ ನಿಲ್ಲದೆ ಸೀಲ್ ಒಣಗಿ ಸುಡುತ್ತದೆ. ಒರಟಾದರೆ ಸವೆಯುತ್ತದೆ. ಇದಕ್ಕಿಂತ ದೊಡ್ಡ ಕಳ್ಳ ಇನ್ನೊಬ್ಬನಿದ್ದಾನೆ. ಶಾಫ್ಟನ್ನು ಲೇತಿಗೆ ಹಾಕಿ, ಎಮರಿ ಪಟ್ಟಿ ಹಿಡಿದು, ಕೈಯನ್ನು ಎಡಕ್ಕೂ ಬಲಕ್ಕೂ ಸರಿಸುತ್ತ ಪಾಲಿಶ್ ಮಾಡುತ್ತೀರಲ್ಲ, ಆಗ ಶಾಫ್ಟಿನ ಮೇಲೆ ಕಣ್ಣಿಗೆ ಕಾಣದ ಸುರುಳಿ ಗೀರು ಬೀಳುತ್ತದೆ. ಸ್ಕ್ರೂವಿನ ಮೇಲಿರುವಂಥ ಬಹಳ ಸಣ್ಣ ಚೂಡಿ ಕೊರೆದಂತೆ. ಎಂಜಿನ್ ತಿರುಗಿದಾಗ ಆ ಚೂಡಿ ಎಣ್ಣೆಯನ್ನು ಸೀಲಿನ ಕೆಳಗಿನಿಂದ ಹೊರಕ್ಕೆ ಸಾಗಿಸುತ್ತದೆ. ಹೊಸ ಶಾಫ್ಟು, ಹೊಸ ಸೀಲು, ಒತ್ತಡವೂ ಸರಿ, ಸೋರುವುದು ನಿಲ್ಲುವುದಿಲ್ಲ.

ಪರೀಕ್ಷೆ ಹೀಗೆ. ಶಾಫ್ಟನ್ನು ಲೇತಿನಲ್ಲಿ ಸಮಮಟ್ಟವಾಗಿ ಹಿಡಿಯಿರಿ. ತೆಳುವಾಗಿ ಎಣ್ಣೆ ಸವರಿ. ಒಂದು ಹತ್ತಿಯ ನೂಲನ್ನು ಅದರ ಮೇಲೆ ಇಳಿಬಿಟ್ಟು, ತುದಿಗೆ ಸಣ್ಣದೊಂದು ನಟ್ ಕಟ್ಟಿ. ನಿಧಾನವಾಗಿ ತಿರುಗಿಸಿ. ಸುರುಳಿ ಇದ್ದರೆ ನೂಲು ತನ್ನಷ್ಟಕ್ಕೆ ಒಂದು ಪಕ್ಕಕ್ಕೆ ನಡೆಯಲು ಶುರುಮಾಡುತ್ತದೆ. ಶಾಫ್ಟನ್ನು ಉಲ್ಟಾ ತಿರುಗಿಸಿದರೆ ನೂಲೂ ವಾಪಸು ನಡೆಯುತ್ತದೆ. ಅದನ್ನು ಮೊದಲ ಸಲ ನೋಡಿದ ಹುಡುಗರ ಮುಖ ನೋಡಬೇಕು. ನೂಲು ನಿಂತಲ್ಲೇ ನಿಲ್ಲುವವರೆಗೆ ಶಾಫ್ಟ್ ಕೊಡಬೇಡಿ. ಗ್ರೈಂಡಿಂಗ್ ಮಾಡುವುದಾದರೆ ಕಲ್ಲನ್ನು ಪಕ್ಕಕ್ಕೆ ಸರಿಸದೆ ನೇರ ಒಳಗೆ ಕೊಟ್ಟು, ಕಿಡಿ ನಿಲ್ಲುವವರೆಗೆ ಬಿಡಿ. ಗೀರು ಆಳವಾಗಿದ್ದರೆ ಕಾಲು ಮಿಲಿಮೀಟರ್ ದಪ್ಪದ ತೆಳು ಸ್ಟೀಲ್ ತೋಳು ಸಿಗುತ್ತದೆ, ಶಾಫ್ಟಿಗೆ ತೊಡಿಸಿದರೆ ಹಳೆಯ ಸೀಲಿನ ಅಳತೆಯೇ ನಡೆಯುತ್ತದೆ.

ಚೀಟಿ ಬಂತು. ಐದು ನಿಮಿಷ ಎಂದು ಬರೆದಿದ್ದಾರೆ. ಸರಿ, ಓಡುತ್ತೇನೆ.

ಟರ್ಬೊ ಡ್ರೈನ್. ಟರ್ಬೊದೊಳಗೆ ಇರುವುದು ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನಂಥ ಉಂಗುರ. ಎಣ್ಣೆ ಅಲ್ಲಿ ನಿಂತರೆ ಅದು ತಡೆಯಲಾರದು. ಡ್ರೈನ್ ಪೈಪ್ ಅಗಲವಾಗಿ, ಆದಷ್ಟು ನೇರ ಕೆಳಕ್ಕೆ, ಚೇಂಬರಿನ ಎಣ್ಣೆ ಮಟ್ಟಕ್ಕಿಂತ ಮೇಲೆ ಬಂದು ಸೇರಬೇಕು. ನೀಲಿ ಹೊಗೆ ಕಂಡೊಡನೆ ಟರ್ಬೊ ಹೋಯಿತು ಎಂದು ಸಾವಿರಗಟ್ಟಲೆ ಖರ್ಚು ಮಾಡಿಸಬೇಡಿ. ಚೇಂಬರಿನಲ್ಲಿ ಒತ್ತಡವಿದ್ದರೆ ಹೊಸ ಟರ್ಬೊವೂ ಅದೇ ಹೊಗೆ ಬಿಡುತ್ತದೆ. ಮೊದಲು ಏನು ಅಳೆಯಬೇಕು? ಹಾಂ, ಹಿಂದಿನ ಸಾಲಿನವರು ಹೇಳಿದರು, ಸಂತೋಷ.

ಸೀಲಿನ ಜಾತಿ. ಸಾಮಾನ್ಯ ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿಯವರೆಗೆ ಬಾಳುತ್ತದೆ, ವೈಟಾನ್ 200ರ ಆಸುಪಾಸಿನವರೆಗೆ. ಟರ್ಬೊದ ಪಕ್ಕದಲ್ಲಿ ನೈಟ್ರೈಲ್ ಹಾಕಿ ಉಳಿಸಿದ ರೂಪಾಯಿ ನಿಮ್ಮದಾಗಿ ಉಳಿಯುವುದಿಲ್ಲ. ಟೆಫ್ಲಾನ್ ತುಟಿಯ ಸೀಲ್ ಬಂದರೆ, ಗಮನಿಸಿ, ಎಣ್ಣೆ ಹಚ್ಚದೆ ಒಣಗಿದ್ದ ಹಾಗೆಯೇ ಕೂರಿಸಬೇಕು. ಅಭ್ಯಾಸಬಲದಿಂದ ಎಣ್ಣೆ ಸವರಿದರೆ ಅದರ ಪದರ ಶಾಫ್ಟಿಗೆ ಅಂಟಿಕೊಳ್ಳದೆ ಮೊದಲ ದಿನವೇ ಸೋರುತ್ತದೆ. ಅದರ ಜೊತೆ ಬರುವ ಪ್ಲಾಸ್ಟಿಕ್ ಬಳೆಯನ್ನು ಎಸೆಯಬೇಡಿ, ಸೀಲನ್ನು ಶಾಫ್ಟಿನ ಮೇಲೆ ದಾಟಿಸುವುದು ಅದರಿಂದಲೇ.

ಫೌಂಡ್ರಿಯವರು ನಗುತ್ತಿದ್ದಾರೆ, ಅವರನ್ನು ಬಿಟ್ಟರೆ ಬೆಳಗಾವಿಗೆ ಅವಮಾನ. ಎರಕದೊಳಗಿನ ಸೂಕ್ಷ್ಮ ರಂಧ್ರಗಳಿಂದಲೂ ಎಣ್ಣೆ ಬೆವರುತ್ತದೆ. ಕಂಪನಿಯ ಎರಕದ ಮೇಲ್ಪದರ ಗಟ್ಟಿಯಿರುತ್ತದೆ, ಗಾಳಿ ಓಡಾಡುವ ಪೋರ್ಟ್ ಅಗಲ ಮಾಡುತ್ತ ಆ ಪದರವನ್ನು ಕೆರೆದು ತೆಗೆದರೆ ಒಳಗಿನ ರಂಧ್ರ ಬಾಯಿ ಬಿಡುತ್ತದೆ. ಅದಕ್ಕೆ ಯಾವ ಪ್ಯಾಕಿಂಗೂ ಇಲ್ಲ. ನಿರ್ವಾತದಲ್ಲಿ ರಾಳ ತುಂಬಿಸುವ ವಿಧಾನವಿದೆ. ಅದರ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ಮೂರನೆಯ ಸಾಲಿನಲ್ಲೇ ಕುಳಿತಿದ್ದಾರೆ.

ಜಾಗ ಹುಡುಕುವುದು. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಸರಿಯುತ್ತದೆ. ಹನಿ ಬೀಳುವ ಜಾಗ ನೋಡಬೇಡಿ, ಒದ್ದೆಯಾದ ಭಾಗದಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರುವ ಬಿಂದು ನೋಡಿ. ಎಂಜಿನ್ ತೊಳೆದು ಒಣಗಿಸಿ, ಟಾಲ್ಕಂ ಪೌಡರ್ ಹಾರಿಸಿ, ಹತ್ತು ನಿಮಿಷ ಓಡಿಸಿದರೆ ಗೆರೆ ತಾನೇ ಮೂಡುತ್ತದೆ. ಎಣ್ಣೆಗೆ ಹೊಳೆಯುವ ಬಣ್ಣ ಬೆರೆಸಿ ಅತಿನೇರಳೆ ದೀಪ ಹಿಡಿದು ನೋಡುವುದೂ ಇದೆ. ಹಿಂದಿನ ಸೀಲ್ ಎಂದು ಬಂದ ಎಷ್ಟೋ ದೂರುಗಳು ಟ್ಯಾಪೆಟ್ ಕವರಿನ ಹಿಂಬದಿ ಮೂಲೆಯಲ್ಲೋ ಆಯಿಲ್ ಪ್ರೆಶರ್ ಸ್ವಿಚ್ಚಿನಲ್ಲೋ ಮುಗಿದಿವೆ.

ಒ-ರಿಂಗ್ ಬಗ್ಗೆ ಹೇಳುವುದಿತ್ತು, ಹೆಡ್ ಪ್ಯಾಕಿಂಗ್ ಬಗ್ಗೆಯೂ. ಆಗಲಿಲ್ಲ. ಹೊರಗಿನ ಮೇಜಿನ ಮೇಲೆ ಲೆವಲ್ ಪೈಪಿನ ಒಂದು ಸುರುಳಿ ಇಟ್ಟಿದ್ದೇನೆ, ಬೇಕಾದವರು ಎರಡು ಮೀಟರ್ ಕತ್ತರಿಸಿಕೊಳ್ಳಿ. ಕತ್ತರಿಯನ್ನು ಮಾತ್ರ ಅಲ್ಲೇ ಬಿಟ್ಟು ಹೋಗಿ.

ನನ್ನ ನಂತರ ಮಾತನಾಡುವವರು ಡೀಸೆಲ್ ಪಂಪ್ ಕ್ಯಾಲಿಬ್ರೇಶನ್ ಮಾಡುವವರು, ನನ್ನ ಹಳೆಯ ಗೆಳೆಯರು. ಪಂಪ್ ಏರಿಸಿ ಎಂಜಿನ್ನಿನ ಶಕ್ತಿ ಹೇಗೆ ಹೆಚ್ಚಿಸುವುದು ಎಂದು ನಿಮಗೆ ಸೊಗಸಾಗಿ ಹೇಳಿಕೊಡುತ್ತಾರೆ. ಅವರು ಹೇಳಿದ್ದನ್ನೆಲ್ಲ ಮಾಡಿ ಮುಗಿಸಿದ ಮೇಲೆ ನನ್ನ ಅಂಗಡಿಗೆ ಬನ್ನಿ. ದೀಪಾವಳಿಯ ಪಾಡ್ಯದ ದಿನ ಬಿಟ್ಟು ಎಲ್ಲ ದಿನವೂ ತೆರೆದಿರುತ್ತದೆ.